ಹುಳದ ಮನೆಯ ಮಾತು

ನಮ್ಮ ಬೀದಿಯಲ್ಲಿ ಯಾರೂ ಯಾರನ್ನೂ ಚೆನ್ನಾಗಿದ್ದೀರಾ ಎಂದು ಕೇಳುವುದಿಲ್ಲ. ಬೆಳಿಗ್ಗೆ ನಲ್ಲಿಯ ಹತ್ತಿರ ಸಿಕ್ಕರೂ, ಮಳವಳ್ಳಿ ಬಸ್ಸಿನಲ್ಲಿ ಪಕ್ಕದಲ್ಲೇ ಕೂತರೂ, ಫೋನು ಮಾಡಿದರೂ ಮೊದಲ ಪ್ರಶ್ನೆ ಒಂದೇ: “ಎಷ್ಟನೇ ಜ್ವರ?” “ಮೂರು ಎದ್ದವೆ” ಎಂದು ಉತ್ತರ ಬಂದರೆ ಆ ಮನೆಯ ಕ್ಷೇಮ ಸಮಾಚಾರವೆಲ್ಲ ಅಷ್ಟರಲ್ಲಿ ಮುಗಿಯಿತು. ಆ ಮನೆಯವರು ಈ ವಾರ ಯಾವ ಮದುವೆಗೂ ಬರುವುದಿಲ್ಲ, ಸಾಲ ಸೋಲ ಕೇಳಲು ಇದು ಹೊತ್ತಲ್ಲ, ಸೊಪ್ಪು ಕೊಯ್ಯಲು ಆಳು ಸಿಕ್ಕರೆ ಅವರಿಗೆ ಹೇಳಬೇಕು, ಎಲ್ಲವೂ ಅದರೊಳಗೇ ಬಂದಿರುತ್ತದೆ.

ನಾವು ರೇಷ್ಮೆ ಹುಳ ಸಾಕುವವರು. ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯಲ್ಲಿ ಇಳಿದು ಒಳಗೆ ನಡೆದರೆ ನಮ್ಮ ಊರು. ಸುತ್ತಲೂ ಕಬ್ಬು, ಭತ್ತ. ನಮ್ಮ ಬೀದಿಯವರದು ಮಾತ್ರ ಪೂರ್ತಿ ಹಿಪ್ಪುನೇರಳೆ. ಹುಳ ಗೂಡು ಕಟ್ಟುವುದಕ್ಕೆ ಮುಂಚೆ ನಾಲ್ಕು ಸಲ ಸೊಪ್ಪು ತಿನ್ನುವುದನ್ನು ಬಿಟ್ಟು, ತಲೆ ಎತ್ತಿಕೊಂಡು, ಅಲ್ಲಾಡದೆ ಕೂತು ಹಳೆಯ ಚರ್ಮ ಕಳಚುತ್ತದೆ. ಹಾಗೆ ಕೂರುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ಜ್ವರಕ್ಕೆ ಕೂತಿತು ಎಂದರೆ ಚರ್ಮ ಬಿಡಲು ನಿಂತಿತು ಎಂದು. ಎದ್ದಿತು ಎಂದರೆ ಹೊಸ ಚರ್ಮ ಬಂತು, ಹಸಿವೂ ಬಂತು ಎಂದು. ಇಷ್ಟು ತಿಳಿದಿದ್ದರೆ ನಮ್ಮ ಬೀದಿಯಲ್ಲಿ ಯಾರ ಜೊತೆಗಾದರೂ ನಿಂತು ಮಾತಾಡಬಹುದು.

ನಾನು ಈ ಬೀದಿಯಲ್ಲಿ ಹುಟ್ಟಿದವಳಲ್ಲ. ಹುಟ್ಟಿದ್ದು, ಬೆಳೆದದ್ದು ಮಂಡ್ಯದಲ್ಲಿ, ರೈಲು ಹೋದರೆ ಪಾತ್ರೆ ಗಿಲಿಗಿಲಿ ಅನ್ನುವಷ್ಟು ಹಳಿಗೆ ಹತ್ತಿರದ ಮನೆಯಲ್ಲಿ. ಅಪ್ಪ ಆಫೀಸಿಗೆ ಹೋಗಿ ಬರುವವರು. ನಮ್ಮ ಮನೆಯಲ್ಲಿ ರೇಷ್ಮೆ ಎಂದರೆ ಬೀರುವಿನಲ್ಲಿ ನುಸಿಗುಳಿಗೆ ಹಾಕಿ ಮಡಿಸಿಟ್ಟ ಅಮ್ಮನ ಎರಡು ಸೀರೆ, ಅಷ್ಟೆ. ಮದುವೆಯಾದ ಮೇಲೆ ಗೊತ್ತಾಯಿತು, ಆ ನುಸಿಗುಳಿಗೆಯ ವಾಸನೆ ಮೈಗೆ ಅಂಟಿಕೊಂಡಿದ್ದರೆ ಸಾಕು, ನಮ್ಮತ್ತೆ ಹೊಸಿಲು ದಾಟಲು ಬಿಡುವುದಿಲ್ಲ ಎಂದು.

ಮದುವೆಯ ಮಾರನೇ ದಿನ ಅತ್ತೆ ನನ್ನನ್ನು ಹುಳದ ಮನೆಯ ಬಾಗಿಲಲ್ಲಿ ನಿಲ್ಲಿಸಿ, ಹತ್ತಿರ ಬಂದು ಮೂಸಿದರು. ಮುಖಕ್ಕೆ ಏನು ಹಚ್ಚಿಕೊಂಡಿದ್ದೀಯ ಎಂದರು. ಕ್ರೀಮು ಎಂದೆ. ತೊಳೆದುಕೊಂಡು ಬಾ ಎಂದರು. ತೊಳೆದುಕೊಂಡು ಬಂದರೆ ತಲೆಯ ಮಲ್ಲಿಗೆ ತೆಗೆದಿಡು ಎಂದರು. ತೆಗೆದಿಟ್ಟು ಬಂದರೆ ತಲೆಗೆ ಹಾಕಿದ ಎಣ್ಣೆ ಯಾವುದು ಎಂದು ಕೇಳಿದರು. ಕೊನೆಗೆ ತಲೆಗೆ ಸ್ನಾನ ಮಾಡಿ, ಬ್ಲೀಚಿಂಗ್ ಪೌಡರ್ ನೀರಿನಲ್ಲಿ ಕಾಲದ್ದಿ ಒಳಗೆ ಹೋಗುವ ಹೊತ್ತಿಗೆ ಮದುಮಗಳು ಎನ್ನಲು ನನ್ನ ಮೇಲೆ ಉಳಿದಿದ್ದದ್ದು ತಾಳಿ ಒಂದೇ. ನನಗೆ ಸಿಟ್ಟು ನೆತ್ತಿಗೇರಿತ್ತು. ಹುಳ ಬೇಕೋ ಸೊಸೆ ಬೇಕೋ ಎಂದು ಕೇಳಿಬಿಡಬೇಕು ಅನಿಸಿತ್ತು. ಕೇಳಲಿಲ್ಲ, ಯಾಕೆಂದರೆ ಉತ್ತರದ ಬಗ್ಗೆ ನನಗೆ ಭರವಸೆ ಇರಲಿಲ್ಲ.

ಒಳಗೆ ಒಂದರ ಮೇಲೊಂದಾಗಿ ಕಟ್ಟಿದ ಅಂಕಣಗಳ ಮೇಲೆ ಹುಳಗಳು ಸೊಪ್ಪು ತಿನ್ನುತ್ತಿದ್ದವು. ಅವು ತಿನ್ನುವ ಸದ್ದು ಮಳೆ ಬಂದ ಹಾಗಿರುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ನನಗೆ ಹಾಗನಿಸಲಿಲ್ಲ. ಬಸ್ಸು ಹಿಡಿಯುವ ಅವಸರದಲ್ಲಿರುವ ನೆಂಟರು ಮಾತಿಲ್ಲದೆ ಉಣ್ಣುವ ಮದುವೆಮನೆಯ ಪಂಕ್ತಿ ನೆನಪಾಯಿತು. ನೋಡಲು ಎಷ್ಟು ಚೆನ್ನಾಗಿವೆ ಎಂದು ಬಾಯಿ ತೆರೆದೆ, ಅತ್ತೆ ಕಣ್ಣಲ್ಲೇ ತಡೆದರು. ಹುಳವನ್ನು ಚೆನ್ನಾಗಿವೆ ಅನ್ನಬಾರದು. ಯಾರಾದರೂ ಕೇಳಿದರೆ “ಅವೆ, ಪರ್ವಾಗಿಲ್ಲ” ಅನ್ನಬೇಕು. ಒಗ್ಗರಣೆಯ ಹೊಗೆ ಅತ್ತ ಹೋಗಬಾರದು. ಸೊಳ್ಳೆಬತ್ತಿ, ಊದುಬತ್ತಿ, ಹೊಗೆಸೊಪ್ಪು ಹತ್ತಿರ ಸುಳಿಯಬಾರದು. ಜೋರಾಗಿ ಮಾತಾಡಬಾರದು. ನೆಂಟರು ಬಂದರೆ ಜಗಲಿಯಲ್ಲೇ ಕಾಫಿ ಕೊಟ್ಟು ಜಗಲಿಯಿಂದಲೇ ಕಳಿಸಬೇಕು. ಈ ನೇಮಗಳಿಗೆಲ್ಲ ಬೀದಿಯಲ್ಲಿ ಒಬ್ಬ ದೊಡ್ಡಜ್ಜಿ ಯಜಮಾನಿ. ಅತ್ತೆಗೇ ಅತ್ತೆಯಾಗುವಷ್ಟು ವಯಸ್ಸು, ಎಲ್ಲ ಮನೆಗೂ ಬೇಕಾದವಳು. ಅವಳು ಆಗದು ಎಂದದ್ದು ಯಾರ ಮನೆಯಲ್ಲೂ ಆಗುತ್ತಿರಲಿಲ್ಲ.

ಹುಳದ ಮನೆಯ ಮಾತು ಹುಳದ ಮನೆಯಲ್ಲೇ ಇದ್ದಿದ್ದರೆ ನಾನು ಇದನ್ನೆಲ್ಲ ಬರೆಯುತ್ತಿರಲಿಲ್ಲ. ಅದು ಹೊಸಿಲು ದಾಟಿ ಬೀದಿಗೆ ಬಂದಿತ್ತು. ಬೆಳೆಯುವ ಹುಡುಗ ತಟ್ಟೆಯ ಮುಂದಿಂದ ಏಳದಿದ್ದರೆ “ನಾಕನೇ ಜ್ವರ ಎದ್ದವ್ನೆ, ಇನ್ನು ಸೊಪ್ಪು ಪೂರೈಸಾಕಾಗಲ್ಲ” ಎನ್ನುವರು. ಎರಡು ದಿನ ಮಂಕಾಗಿ ಕೂತವನನ್ನು ಸಪ್ಪೆಯಾದ ಎನ್ನುವರು, ಅದು ಹುಳಕ್ಕೆ ಬರುವ ಒಂದು ರೋಗ. ಗೂಡು ಕಟ್ಟುವ ಮುಂಚೆ ಹುಳದ ಮೈ ಗಾಜಿನ ಹಾಗೆ ತಿಳಿಯಾಗಿ, ಸೊಪ್ಪು ಒಲ್ಲದೆ, ತಲೆ ಆಡಿಸುತ್ತ ಜಾಗ ಹುಡುಕಿಕೊಂಡು ಅಲೆಯುತ್ತದೆ. ಅದಕ್ಕೆ ಹಣ್ಣಾಗುವುದು ಎಂದು ಹೆಸರು. ನಮ್ಮ ಎದುರು ಮನೆಯ ಅಕ್ಕನ ಗಂಡ ಹೊಸ ಮನೆ ಕಟ್ಟಬೇಕೆಂದು ಟೇಪು ಹಿಡಿದುಕೊಂಡು ಬೀದಿ ಉದ್ದಕ್ಕೂ ಓಡಾಡುತ್ತಿದ್ದ ವರ್ಷ ಆ ಅಕ್ಕನೇ ಹೇಳುತ್ತಿದ್ದಳು, ನಮ್ಮೆಜಮಾನ್ರು ಅಣ್ಣಾಗವ್ರೆ, ಯಾರೂ ಅಡ್ಡ ಬರಬೇಡಿ ಎಂದು.

ಒಂದೆರಡು ವರ್ಷದಲ್ಲಿ ಈ ಮಾತು ನನ್ನ ನಾಲಿಗೆಗೂ ಹತ್ತಿತು. ಮಂಡ್ಯದಲ್ಲಿ ತಂಗಿಗೆ ಗಂಡು ನೋಡಲು ಹೋದಾಗ, ಬಂದ ಹುಡುಗನನ್ನು ನೋಡಿ ಅಡಿಗೆಮನೆಗೆ ಬಂದವಳೇ “ಇನ್ನೂ ಹಣ್ಣಾಗಿಲ್ಲ ಬಿಡಿ” ಎಂದುಬಿಟ್ಟೆ. ಅಮ್ಮ ಸೌಟು ಹಿಡಿದುಕೊಂಡು ನನ್ನನ್ನೇ ನೋಡಿದರು. ನಮ್ಮ ಹುಡುಗಿ ಕೈಬಿಟ್ಟು ಹೋದಳು ಎಂದು ಅಪ್ಪ ನಗುತ್ತ ಹೇಳಿದರು. ಅಮ್ಮ ನಗಲಿಲ್ಲ. ಮೊದಲ ಸಲ ನನ್ನನ್ನು ನೋಡಲು ಊರಿಗೆ ಬಂದಾಗ ಬ್ಲೀಚಿಂಗ್ ನೀರಿನಲ್ಲಿ ಕಾಲದ್ದಿಸಿದ್ದನ್ನು ಅವರು ಮರೆತಿರಲಿಲ್ಲ. ಮಗಳ ಮನೆಗೆ ಹೋದರೆ ಆಪರೇಷನ್ ಕೋಣೆಗೆ ಹೋದ ಹಾಗಾಗುತ್ತದೆ ಎಂದು ಯಲಿಯೂರಿನ ಚಿಕ್ಕಮ್ಮನ ಹತ್ತಿರವೆಲ್ಲ ಹೇಳಿಕೊಂಡಿದ್ದರು.

ಹುಳಗಳು ಜ್ವರಕ್ಕೆ ಕೂತಿದ್ದನ್ನು ನಾನು ಮೊದಲು ನೋಡಿದ್ದು ಒಂದು ಮಧ್ಯಾಹ್ನ. ಬೆಳಿಗ್ಗೆಯವರೆಗೂ ತಿನ್ನುತ್ತಿದ್ದವುಗಳಲ್ಲಿ ಒಂದೂ ಅಲ್ಲಾಡುತ್ತಿರಲಿಲ್ಲ. ಸಾವಿರಾರು ಪುಟ್ಟ ತಲೆಗಳು ಮೇಲೆತ್ತಿಕೊಂಡು ನಿಂತಿದ್ದವು. ಸೊಪ್ಪಿನ ಬುಟ್ಟಿ ತುಂಬಿ ಪಕ್ಕದಲ್ಲೇ ಇತ್ತು. ಇವಕ್ಕೆ ಹಸಿವಾಗುವುದಿಲ್ಲವೇ ಎಂದು ಕೇಳಿದೆ. ಅತ್ತೆ ಸುಣ್ಣದ ಪುಡಿಯನ್ನು ತೆಳುವಾಗಿ ಉದುರಿಸುತ್ತಿದ್ದರು, ಹಾಸಿಗೆ ಒಣಗಿರಲಿ ಎಂದು.

“ಅವು ಈಗ ನಮ್ಮ ತಾವ ಇಲ್ಲ ಕಣವ್ವ” ಎಂದರು. “ಒಳೀಕ್ ಓಗವೆ. ನಾವ್ ಏನ್ ಕೊಟ್ರೂ ಬ್ಯಾಡ. ಗಾಳಿ ಆಡಂಗ್ ಬುಡು, ಸದ್ದು ಮಾಡ್ಬ್ಯಾಡ, ಕೈ ಇಕ್ಕಬ್ಯಾಡ. ಎದ್ಮೇಲೆ ಅವೇ ಯೋಳ್ತವೆ.”

ಹೇಳಿದಷ್ಟು ಸುಲಭವಲ್ಲ ಅದು. ಸಾಕಿದವರಿಗೆ ಸುಮ್ಮನಿರುವುದೇ ಕಷ್ಟ. ಸೊಪ್ಪು ಹಾಕಿಬಿಡೋಣ ಅನಿಸುತ್ತದೆ, ಸರಿಪಡಿಸೋಣ ಅನಿಸುತ್ತದೆ, ಒಂದನ್ನಾದರೂ ಮುಟ್ಟಿ ಬದುಕಿದೆಯೋ ನೋಡೋಣ ಅನಿಸುತ್ತದೆ. ಮುಟ್ಟಿದರೆ ಅರ್ಧ ಬಿಟ್ಟ ಚರ್ಮ ಅಲ್ಲೇ ಸಿಕ್ಕಿಕೊಂಡು ಹುಳ ಸಾಯುತ್ತದೆ. ಅದಕ್ಕೇ ಜ್ವರದ ಹೊತ್ತಿನಲ್ಲಿ ಅತ್ತೆ ಎರಡು ಕೈಗಳನ್ನೂ ಬೆನ್ನ ಹಿಂದೆ ಕಟ್ಟಿಕೊಂಡು, ಅಂಕಣದಿಂದ ಅಂಕಣಕ್ಕೆ ಬಗ್ಗಿ ಬಗ್ಗಿ ನೋಡುತ್ತ ತಿರುಗುತ್ತಿದ್ದರು. ಬೀದಿಯ ಎಲ್ಲ ಹೆಂಗಸರೂ ಹಾಗೆಯೇ ತಿರುಗುತ್ತಿದ್ದರು. ಶಾಲೆ ಪರೀಕ್ಷೆಯಲ್ಲಿ ಮೇಷ್ಟ್ರು ತಿರುಗುವ ಹಾಗೆ ಕಾಣುತ್ತೀರಿ ಎಂದು ನಾನು ಅತ್ತೆಯನ್ನು ರೇಗಿಸುತ್ತಿದ್ದೆ.

ಮೂರನೇ ವರ್ಷ ನಾನು ಬಸುರಿಯಾದೆ. ಸಣ್ಣ ಹುಳ ಸಾಕುವುದಕ್ಕೆ ಚಾಕಿ ಕಟ್ಟುವುದು ಎನ್ನುತ್ತಾರೆ. ಬೀದಿಯಲ್ಲಿ ನನ್ನನ್ನು ಕಂಡವರೆಲ್ಲ “ಚಾಕಿ ಕಟ್ಟವ್ಳೆ” ಎಂದು ನಗತೊಡಗಿದರು. ಮೊದಲು ಬೈದೆ. ಆಮೇಲೆ ನಾನೇ ಗಂಡನಿಗೆ ಹಾಗೆ ಹೇಳಿಕೊಂಡು ನಕ್ಕೆ. ಅತ್ತೆ ಸೊಪ್ಪಿನ ಕಂತೆ ಎತ್ತಲು ಬಿಡಲಿಲ್ಲ, ನೀರಿನ ಕೊಡ ಮುಟ್ಟಲು ಬಿಡಲಿಲ್ಲ. ನನ್ನನ್ನೂ ಚೆನ್ನಾಗಿದ್ದಾಳೆ ಎಂದು ಯಾರಿಗೂ ಹೇಳಲಿಲ್ಲ. ಕೇಳಿದವರಿಗೆ, ಅವ್ಳೆ, ಪರ್ವಾಗಿಲ್ಲ ಎನ್ನುತ್ತಿದ್ದರು.

ಐದನೇ ತಿಂಗಳಲ್ಲಿ ಮಗು ಉಳಿಯಲಿಲ್ಲ. ಮಂಡ್ಯದ ಆಸ್ಪತ್ರೆಯಲ್ಲಿ ಏನೇನಾಯಿತು ಎಂಬುದನ್ನು ಬರೆಯಲು ನನಗೆ ಈಗಲೂ ಇಷ್ಟವಿಲ್ಲ. ಅಮ್ಮ ತಮ್ಮ ಮನೆಗೆ ಕರೆದುಕೊಂಡು ಹೋಗುತ್ತೇನೆಂದರು, ಆಸ್ಪತ್ರೆಯಿಂದ ಎರಡು ರಸ್ತೆ ಆಚೆಗೇ ಮನೆ. ನಾನು ಒಲ್ಲೆ ಎಂದೆ. ಅಲ್ಲಿ ಚಿಕ್ಕಮ್ಮಂದಿರು ಬರುತ್ತಾರೆ, ಅಕ್ಕಪಕ್ಕದವರು ಬರುತ್ತಾರೆ, ಬಂದವರೆಲ್ಲ ವಯಸ್ಸಿದೆ ಬಿಡು ಎನ್ನುತ್ತಾರೆ. ನನಗೆ ನನ್ನ ಮಂಚ ಬೇಕಿತ್ತು. ಗಂಡ ಕಾರು ಮಾಡಿಕೊಂಡು ಊರಿಗೆ ಕರೆತಂದ.

ನನ್ನ ಕೋಣೆಯ ಒಂದು ಗೋಡೆ ಹುಳದ ಮನೆಗೂ ಸೇರಿದ್ದು. ಮಳವಳ್ಳಿ ಕಡೆಯ ಚಾಕಿ ಕೇಂದ್ರದಿಂದ ಹೊಸ ಹುಳ ತಂದು ಬಿಟ್ಟಿದ್ದರು. ಅವು ತಿನ್ನುವ ಸದ್ದು ಗೋಡೆಯಾಚೆಯಿಂದ ಸಣ್ಣಗೆ ಕೇಳುತ್ತಿತ್ತು. ಹೀಗಾದ ಹೆಂಗಸು ಒಂದು ತಿಂಗಳು ಕಳೆಯುವವರೆಗೆ ಹುಳದ ಮನೆಯ ಹೊಸಿಲು ತುಳಿಯುವಂತಿಲ್ಲ ಎಂಬುದು ದೊಡ್ಡಜ್ಜಿಯ ನೇಮಗಳಲ್ಲಿ ಒಂದು. ನನಗೆ ಯಾರೂ ಅದನ್ನು ಹೇಳಲಿಲ್ಲ. ಹೇಳಬೇಕಾಗಿರಲೂ ಇಲ್ಲ, ಬೇರೆಯವರ ಮನೆಯಲ್ಲಿ ನಡೆದಿದ್ದನ್ನು ನಾನೇ ನೋಡಿದ್ದೆ.

ಆದರೆ ನನ್ನ ಕೋಣೆಗೂ ಯಾರೂ ಬರಲಿಲ್ಲ. ಹಸು ಕರು ಹಾಕಿದರೆ ಬೀದಿಗೆ ಬೀದಿಯೇ ಬಂದು ನಿಲ್ಲುವ ಜನ, ಒಬ್ಬರಾದರೂ ಬಂದು ಹೇಗಿದ್ದೀಯ ಎನ್ನಲಿಲ್ಲ. ಅತ್ತೆ ತಟ್ಟೆ ತಂದು ಬಾಗಿಲ ಬಳಿಯ ಸ್ಟೂಲಿನ ಮೇಲಿಟ್ಟು ಹೋಗುತ್ತಿದ್ದರು, ಮುಟ್ಟದ ತಟ್ಟೆಯನ್ನು ಹಾಗೇ ತೆಗೆದುಕೊಂಡು ಹೋಗುತ್ತಿದ್ದರು. ಊಟ ಮಾಡು ಎಂಬ ಒಂದು ಮಾತೂ ಅವರ ಬಾಯಿಂದ ಬರಲಿಲ್ಲ. ಮನೆಯಲ್ಲಿ ಟಿವಿ ಹಾಕುತ್ತಿರಲಿಲ್ಲ, ಪಾತ್ರೆ ಸದ್ದಾಗುತ್ತಿರಲಿಲ್ಲ, ಒಗ್ಗರಣೆಯ ವಾಸನೆ ಕೂಡ ಇಲ್ಲ. ನಾನು ಹೊರಗಿನವಳು ಎಂಬುದನ್ನು ಇವರು ಕೊನೆಗೂ ನೆನಪಿಸಿಕೊಂಡರು ಅಂದುಕೊಂಡೆ. ಮೈಲಿಗೆಯವಳನ್ನು ದೂರ ಇಟ್ಟಿದ್ದಾರೆ, ತಿಂಗಳು ತುಂಬಿದ ದಿನ ನೀರು ಚಿಮುಕಿಸಿ ಒಳಗೆ ಕರೆದುಕೊಳ್ಳುತ್ತಾರೆ. ಅಳು ಬರಲಿಲ್ಲ. ಕೋಪ ಬಂತು, ಆಮೇಲೆ ಅದೂ ಹೋಯಿತು.

ಗಂಡ ಒಬ್ಬನಿಗೆ ಮಾತ್ರ ದೂರ ಇರಲು ಆಗಲಿಲ್ಲ. ತೋಟದಿಂದ ಬಂದವನು ಬೆವರಿನ ಅಂಗಿಯಲ್ಲೇ ಸದ್ದಿಲ್ಲದೆ ಒಳಗೆ ಬಂದು, ಮಂಚದ ಕಾಲಿನ ಹತ್ತಿರ ನೆಲದ ಮೇಲೆ ಕೂರುತ್ತಿದ್ದ. ನನ್ನ ಮುಖ ನೋಡುತ್ತಿರಲಿಲ್ಲ. ಸ್ವಲ್ಪ ಹೊತ್ತು ನನ್ನ ಪಾದದ ಮೇಲೆ ಕೈ ಇಟ್ಟುಕೊಂಡಿದ್ದು ಎದ್ದು ಹೋಗುತ್ತಿದ್ದ. ಅವನೂ ಸರಿಯಾಗಿ ಉಣ್ಣುತ್ತಿರಲಿಲ್ಲ ಎಂದು ಆಮೇಲೆ ತಿಳಿಯಿತು. ಆಗ ನನಗೆ ಬೇರೆಯವರ ತಟ್ಟೆ ನೋಡುವ ತ್ರಾಣ ಇರಲಿಲ್ಲ.

ಒಂದು ಬೆಳಿಗ್ಗೆ ಗೋಡೆಯಾಚೆಯ ಸದ್ದು ನಿಂತಿತು. ಹುಳಗಳು ಜ್ವರಕ್ಕೆ ಕೂತಿದ್ದವು. ಅವೂ ನನ್ನನ್ನು ಬಿಟ್ಟು ಹೋದವು ಅನಿಸಿತು. ಈಗ ಯೋಚಿಸಿದರೆ ಪೆದ್ದುತನ, ಆದರೆ ಆ ಹೊತ್ತಿನಲ್ಲಿ ನನಗೆ ಅಷ್ಟು ಒಂಟಿ ಎಂದು ಬೇರೆ ಯಾವಾಗಲೂ ಅನಿಸಿರಲಿಲ್ಲ.

ಅಮ್ಮನ ಫೋನನ್ನು ನಾನು ಎತ್ತುತ್ತಿರಲಿಲ್ಲ. ಸುಮ್ಮನಿರುವ ಹೆಂಗಸಲ್ಲ ಅವರು. ಅದೇ ದಿನ ಮಂಡ್ಯದಿಂದ ಹೊರಟು, ಮದ್ದೂರಿನಲ್ಲಿ ಇಳಿದು, ಆಟೋ ಮಾಡಿಕೊಂಡು ವೈದ್ಯನಾಥಪುರಕ್ಕೆ ಹೋಗಿ ಅಲ್ಲಿ ನನ್ನ ಹೆಸರಲ್ಲಿ ಅರ್ಚನೆ ಮಾಡಿಸಿ, ಮತ್ತೆ ಬಸ್ಸು ಹತ್ತಿ ಬಂದರು. ಒಂದು ಕೈಯಲ್ಲಿ ಮೂರು ಅಂತಸ್ತಿನ ಟಿಫನ್ ಕ್ಯಾರಿಯರು, ಇನ್ನೊಂದರಲ್ಲಿ ನನ್ನ ಬಟ್ಟೆ ತುಂಬಿಕೊಂಡು ಹೋಗಲು ಖಾಲಿ ಬ್ಯಾಗು. ನನ್ನ ಕೋಣೆಯ ಕಿಟಕಿ ಬೀದಿಗೆ ತೆರೆಯುತ್ತದೆ. ಗೇಟಿನ ಹತ್ತಿರ ಎದುರು ಮನೆಯ ಅಕ್ಕ ಅವರನ್ನು ತಡೆದದ್ದು ನನಗೆ ಪೂರ್ತಿ ಕೇಳಿಸಿತು.

ಅಕ್ಕ ದನಿ ಇಳಿಸಿ, ಕೂರಿ, ನೀರು ಕುಡಿಯಿರಿ, ಒಳಗೆ ಮಾತ್ರ ಈಗ ಹೋಗಬೇಡಿ ಎಂದು ಕೇಳಿಕೊಳ್ಳುತ್ತಿದ್ದಳು. ನನ್ನ ಮಗಳನ್ನು ನೋಡಲು ನಿನ್ನ ಅಪ್ಪಣೆ ಬೇಕಾ ಎಂದು ಅಮ್ಮ ಕೇಳಿದರು.

“ಜ್ವರಕ್ಕೆ ಕೂತವ್ಳೆ ಕಣಮ್ಮ” ಎಂದಳು ಅಕ್ಕ. “ಇನ್ನೂ ಎದ್ದಿಲ್ಲ. ಈಗ ಕೈ ಇಕ್ಕಬ್ಯಾಡಿ.”

ಅಮ್ಮನಿಗೆ ಈ ಮಾತಿನ ಅರ್ಥ ಗೊತ್ತಿತ್ತು, ಅದೇ ಅವರಿಗೆ ಉರಿದದ್ದು. “ನನ್ ಮಗಳೇನು ನಿಮ್ಮ ಹುಳಾನಾ?” ಎಂದು ದನಿ ಏರಿಸಿದರು. ಮೈಲಿಗೆ ಅಂತ ಮೂಲೆಗೆ ಹಾಕಿದ್ದೀರಿ, ಅನ್ನ ತಿಂದಳೋ ಬಿಟ್ಟಳೋ ಕೇಳುವವರಿಲ್ಲ, ಅದಕ್ಕೊಂದು ಹೆಸರು ಬೇರೆ ಇಟ್ಟುಕೊಂಡಿದ್ದೀರಿ ಎಂದರು. ನಾನು ಮನಸ್ಸಿನಲ್ಲಿ ಅಂದುಕೊಂಡಿದ್ದನ್ನೇ ಅವರು ಬೀದಿಯಲ್ಲಿ ನಿಂತು ಕೂಗಿ ಹೇಳುತ್ತಿದ್ದರು.

“ಉಳ ಆಗಿದ್ರೆ ನಾವ್ ಇಷ್ಟ್ ಎದ್ರುಕೊತಿರ್ಲಿಲ್ಲ ಕಣಮ್ಮ” ಎಂದಳು ಅಕ್ಕ.

ಅಷ್ಟರಲ್ಲಿ ಅತ್ತೆ ಹುಳದ ಮನೆಯಿಂದ ಹೊರಗೆ ಬಂದರು. ಅಮ್ಮನನ್ನು ಜಗಲಿಗೆ ಕರೆದು ಕೂರಿಸಿದರು. ಜಗಲಿ ನನ್ನ ಕಿಟಕಿಯ ಕೆಳಗೇ. ಮಗಳು ನಿಮ್ಮವಳು, ಕರೆದುಕೊಂಡು ಹೋಗಿ, ಬೇಡ ಅನ್ನುವುದಿಲ್ಲ, ಆದರೆ ಎದ್ದ ಮೇಲೆ ಕರೆದುಕೊಂಡು ಹೋಗಿ ಎಂದರು. ಬೀದಿಯವರು ಯಾರೂ ಒಳಗೆ ಹೋಗಬಾರದು ಎಂದು ನಾನೇ ಮನೆಮನೆಗೆ ಹೋಗಿ ಹೇಳಿ ಬಂದಿದ್ದೇನೆ ಎಂದರು. ಯಾಕೆ ಎಂದು ಅಮ್ಮ ಕೇಳಿದರು.

“ನಂಗೂ ಒಂದು ಓಗಿತ್ತು ಕಣಮ್ಮ, ಇವನಿಗಿಂತ ಮುಂಚೆ” ಎಂದರು ಅತ್ತೆ. “ಬೀದಿ ಬೀದಿಯೇ ಬಂದು ನನ್ ಮುಂದೆ ಕೂತ್ಕೊಂತು. ಒಬ್ಬೊಬ್ರು ಒಂದೊಂದ್ ಕೇಳೋರು, ಉಣ್ಣು ಅನ್ನೋರು, ಅಳಬ್ಯಾಡ ಅನ್ನೋರು. ಎಲ್ಲಾರ್ಗೂ ಉತ್ತರ ಕೊಟ್ಟೆ. ನಂಗೆ ಅಳಾಕೇ ಒತ್ತು ಸಿಗ್ನಿಲ್ಲ.”

ಇಷ್ಟು ವರ್ಷದಲ್ಲಿ ಅವರು ಇದನ್ನು ನನಗೆ ಹೇಳಿರಲಿಲ್ಲ. ನನ್ನ ಗಂಡನಿಗೂ ಗೊತ್ತಿರಲಿಲ್ಲ. ಕಿಟಕಿಯ ಒಳಗೆ ನಾನು ದಿಂಬಿಗೆ ಮುಖ ಒತ್ತಿಕೊಂಡು ಅತ್ತುಬಿಟ್ಟೆ. ಆಸ್ಪತ್ರೆಯಿಂದ ಬಂದ ಮೇಲೆ ಅದೇ ಮೊದಲು. ನನ್ನ ಮಗುವಿಗಾಗಿ ಅತ್ತೆ, ಮೂವತ್ತು ವರ್ಷ ಕೆಳಗಿನ ಅವರ ಮಗುವಿಗಾಗಿಯೂ ಅತ್ತೆ, ದೂರ ಇಟ್ಟರು ಎಂದು ತಿಳಿದು ಪಟ್ಟ ಸಂಕಟಕ್ಕೂ ಅತ್ತೆ. ಯಾರೂ ಬಂದು ತಡೆಯಲಿಲ್ಲ. ಸಾಕಾಗುವವರೆಗೆ ಅಳಲು ಆ ಮನೆ ನನ್ನನ್ನು ಬಿಟ್ಟಿತು.

ಅಮ್ಮ ಹಿಂದಕ್ಕೆ ಹೋಗಲಿಲ್ಲ. ನನ್ನನ್ನು ಕರೆದುಕೊಂಡೇ ಹೋಗುವುದು ಎಂದು ಬ್ಯಾಗನ್ನು ಪಕ್ಕದಲ್ಲಿಟ್ಟುಕೊಂಡು ಜಗಲಿಯ ಮೇಲೆ ಮುಖ ಊದಿಸಿಕೊಂಡು ಕೂತರು. ಆದರೆ ಸುಮ್ಮನೆ ಕೂರುವುದು ಅವರ ಜಾತಕದಲ್ಲೇ ಇಲ್ಲ. ಸಂಜೆಯ ಹೊತ್ತಿಗೆ ಅತ್ತೆಯ ಜೊತೆ ತಟ್ಟೆ ತೊಳೆಯುತ್ತಿದ್ದರು. ಮಾರನೇ ದಿನ ಅಡಿಗೆಮನೆ ಅವರ ಕೈಗೆ ಹೋಗಿತ್ತು. ಒಗ್ಗರಣೆಯಿಲ್ಲದ ಸಾರು ಸಾರೇ ಅಲ್ಲ ಎಂದು ಗೊಣಗುತ್ತ ಒಗ್ಗರಣೆಯಿಲ್ಲದ ಸಾರು ಮಾಡಿದರು. ನಡುನಡುವೆ ಬಂದು ನನ್ನ ಕೋಣೆಯ ಬಾಗಿಲ ಸಂದಿಯಿಂದ ಇಣುಕುವರು. ನಾನು ಕಣ್ಣು ಮುಚ್ಚಿಕೊಂಡರೂ ಅವರ ಬಳೆ ಸದ್ದು ಗೊತ್ತಾಗುತ್ತಿತ್ತು. ಒಮ್ಮೆ ಅವರು ಬಾಗಿಲು ತಳ್ಳಿಯೇಬಿಟ್ಟಾಗ ಹಿಂದಿನಿಂದ ಅತ್ತೆ ಪಿಸುಗುಟ್ಟಿದ್ದು ಕೇಳಿಸಿತು, ಕೈಯೆರಡೂ ಬೆನ್ನಿಗೆ ಕಟ್ಟಿಕೊಳ್ಳಿ, ಆಗ ಆಗುತ್ತದೆ ಎಂದು. ಕಣ್ಣು ತೆರೆದು ನೋಡಿದೆ. ಬಾಗಿಲಲ್ಲಿ ಇಬ್ಬರೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಕತ್ತು ಮುಂದೆ ಚಾಚಿ ನನ್ನನ್ನೇ ನೋಡುತ್ತ ನಿಂತಿದ್ದರು. ನನಗೆ ನಗು ಬಂತು. ಗೋಡೆಯ ಕಡೆ ತಿರುಗಿ ಮಲಗಿದೆ, ಕಾಣದಿರಲಿ ಎಂದು.

ನಾನು ಎದ್ದದ್ದು ಯಾವ ಗಾಂಭೀರ್ಯದಿಂದಲೂ ಅಲ್ಲ. ಗಂಡ ಸ್ನಾನ ಮಾಡಿ ಬಂದು ಹಸಿ ಟವಲನ್ನು ಹಾಸಿಗೆಯ ಮೇಲೆ ಎಸೆದು, ಅಂಗಿ ಹುಡುಕುತ್ತಿದ್ದ. ಮದುವೆಯಾದಂದಿನಿಂದ ಹೇಳಿ ಹೇಳಿ ನನ್ನ ಬಾಯಿ ಸೋತಿತ್ತು. ಈ ಮನೆಯಲ್ಲಿ ಹುಳಕ್ಕಿರುವ ಒಣ ಹಾಸಿಗೆ ಮನುಷ್ಯರಿಗೆ ಇಲ್ಲವಾ ಎಂದು ಕಿರುಚಿದೆ. ಅವನು ಟವಲನ್ನು ಎತ್ತಿಕೊಳ್ಳುವುದನ್ನೂ ಮರೆತು ಬಾಯಿ ಬಿಟ್ಟು ನಿಂತ. ಗೋಡೆಯಾಚೆ ಹುಳದ ಮನೆಯಿಂದ ಅತ್ತೆಯ ದನಿ ಬಂತು, ಒಂದೇ ಮಾತು.

“ಎದ್ಲು.”

ಆ ಮಾತು ಬೀದಿಯ ಕೊನೆ ಮುಟ್ಟಲು ಎಷ್ಟು ಹೊತ್ತು ಬೇಕು? ಅಷ್ಟು ದಿನ ಇತ್ತ ತಲೆ ಹಾಕದಿದ್ದ ಹೆಂಗಸರೆಲ್ಲ ಮುಚ್ಚಿದ ಪಾತ್ರೆ ಹಿಡಿದು ಬಾಗಿಲಿಗೆ ಬಂದರು. ಒಬ್ಬಳ ಕೈಯಲ್ಲಿ ಬಿಸಿ ಮುದ್ದೆ, ಒಬ್ಬಳದು ಕೋಳಿ ಸಾರು, ಎದುರು ಮನೆಯ ಅಕ್ಕನದು ತುಪ್ಪ ಸುರಿದ ಹೋಳಿಗೆ. ಅತ್ತೆ ಬಾಗಿಲಿಗೆ ಅಡ್ಡ ನಿಂತರು. ಜ್ವರ ಎದ್ದ ಹುಳಕ್ಕೆ ಮೊದಲು ಎಳೆಯ ಸೊಪ್ಪನ್ನು, ಅದೂ ತೆಳುವಾಗಿ ಹಾಕಬೇಕು. ಬಲಿತದ್ದನ್ನು ಒಮ್ಮೆಗೇ ಸುರಿದರೆ ಕೆಡುತ್ತದೆ. ಕೋಳಿ ಸಾರು ಅಡಿಗೆಮನೆಗೆ ಹೋಯಿತು, ಮುದ್ದೆ ನನ್ನ ಗಂಡನ ತಟ್ಟೆಗೆ ಹೋಯಿತು. ನನಗೆ ಬಂದದ್ದು ಒಂದು ಬಟ್ಟಲು ಗಂಜಿ. ಅದನ್ನು ಎಲ್ಲರೂ ಸುತ್ತ ನಿಂತು ನೋಡಿದರು. ಯಾರೂ ಏನೂ ಕೇಳಲಿಲ್ಲ. ಹೋಗುವಾಗ ಒಬ್ಬೊಬ್ಬರೂ ನನ್ನ ತಲೆ ಸವರಿಕೊಂಡು ಹೋದರು.

ಮಗಳು ಎದ್ದಳಲ್ಲ, ಇನ್ನು ಹೊರಡೋಣ ಎಂದು ಅಮ್ಮ ಬ್ಯಾಗು ತೆಗೆದರು. ಇಲ್ಲೇ ಇರುತ್ತೇನೆ ಎಂದೆ. ಅವರು ಒತ್ತಾಯ ಮಾಡಲಿಲ್ಲ, ಆದರೆ ಗೇಟಿನ ಹತ್ತಿರ ನಿಂತು ಕಿವಿಯಲ್ಲಿ ಒಂದು ಪ್ರಶ್ನೆ ಕೇಳಿದರು: ಹುಳದ ಮನೆಗೆ ಬಿಟ್ಟುಕೊಂಡರಾ? ಇಲ್ಲ ಎಂದೆ. ತಲೆ ಆಡಿಸಿ ಬಸ್ಸು ಹತ್ತಿದರು. ಆಮೇಲೆ ಪ್ರತಿ ಸಲ ಫೋನು ಮಾಡಿದಾಗಲೂ ಊಟ ಆಯಿತಾ ಎಂದ ಮೇಲೆ ಅದನ್ನೇ ಕೇಳುವರು. ನಾನೂ ಇಲ್ಲ ಎನ್ನುತ್ತಿದ್ದೆ.

ಆ ಪ್ರಶ್ನೆ ನನ್ನೊಳಗೂ ಕೂತುಬಿಟ್ಟಿತ್ತು. ಬೀದಿ ನನ್ನ ತಲೆ ಸವರಿತ್ತು ನಿಜ. ಆದರೆ ನಾನು ಜಗಲಿಯಲ್ಲೇ ಕೂತು ಸೊಪ್ಪು ಆರಿಸುತ್ತಿದ್ದೆ, ಹಿತ್ತಲಲ್ಲಿ ಬುಟ್ಟಿ ತೊಳೆಯುತ್ತಿದ್ದೆ. ಹುಳದ ಮನೆಯ ಹೊಸಿಲಿನವರೆಗೆ ಬುಟ್ಟಿ ತಂದಿಡುತ್ತಿದ್ದೆ, ಒಳಗಿಂದ ಯಾರಾದರೂ ಎಳೆದುಕೊಳ್ಳುತ್ತಿದ್ದರು. ನಾಲ್ಕನೇ ಜ್ವರ ಎದ್ದ ಹುಳಗಳು ಗೋಡೆ ಅದುರುವ ಹಾಗೆ ತಿನ್ನುತ್ತಿದ್ದವು. ಮೂರು ವರ್ಷ ನನ್ನ ಕೈಯಿಂದ ತಿಂದ ಹುಳಕ್ಕೆ ಈಗ ನನ್ನ ನೆರಳು ಆಗುವುದಿಲ್ಲ. ಮಗು ಹೋದದ್ದಕ್ಕೆ ನನ್ನ ಮೈಯೇ ಕಾರಣ ಎಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ಆ ಹೊಸಿಲು ಮಾತ್ರ ದಿನವೂ ಹೇಳುತ್ತಿತ್ತು. ತಿಂಗಳು ತುಂಬಲಿ ಎಂದು ಕಾಯುವುದು ನನಗೆ ಬೇಡವಾಗಿತ್ತು. ಕರೆದರೆ ಈಗ ಕರೆಯಬೇಕು. ಆದರೆ ಅದನ್ನು ಅತ್ತೆಯ ಹತ್ತಿರ ಹೇಗೆ ಕೇಳುವುದು? ಒಂದು ಬೆಳೆ ಕೆಟ್ಟರೆ ಏನು ಗತಿ ಎಂದು ನನಗೂ ಗೊತ್ತಿತ್ತು.

ಹುಳ ಹಣ್ಣಾದ ದಿನ ಯಾರೂ ಯಾರನ್ನೂ ಕರೆಯುವುದಿಲ್ಲ. ಸುದ್ದಿ ತಿಳಿದರೆ ಸಾಕು, ಬೀದಿಯವರೆಲ್ಲ ಕೈಕಾಲು ತೊಳೆದುಕೊಂಡು ಬಂದು ಕೂರುತ್ತಾರೆ. ಹಣ್ಣಾದವನ್ನು ಮಾತ್ರ ಆರಿಸಿ, ಗೂಡು ಕಟ್ಟುವ ಚಂದ್ರಿಕೆಗಳ ಮೇಲೆ ಬಿಡಬೇಕು. ತಡವಾದರೆ ರೇಷ್ಮೆ ನೂಲನ್ನು ಸೊಪ್ಪಿನ ಮೇಲೆಲ್ಲ ಬಿಟ್ಟು ಹಾಳು ಮಾಡುತ್ತವೆ. ಅವತ್ತೂ ಬೆಳಿಗ್ಗೆಯೇ ಒಳಗೆ ಹೆಂಗಸರ ಸಾಲು ಕೂತಿತ್ತು, ದೊಡ್ಡಜ್ಜಿ ಎಲ್ಲರಿಗಿಂತ ಮುಂದೆ. ಗಂಡ ಚಂದ್ರಿಕೆ ಎತ್ತಿ ಎತ್ತಿ ಅಂಗಳದ ಚಪ್ಪರದಡಿ ನಿಲ್ಲಿಸುತ್ತಿದ್ದ. ನಾನು ಜಗಲಿಯಲ್ಲಿ ಕಾಫಿ ಲೋಟ ಜೋಡಿಸುತ್ತಿದ್ದೆ. ಒಳಗೆ ಕೈ ಸಾಲುತ್ತಿಲ್ಲ ಎಂಬುದು ಅವರ ಗಡಿಬಿಡಿಯಿಂದಲೇ ತಿಳಿಯುತ್ತಿತ್ತು.

ಅತ್ತೆ ಬೊಗಸೆಯಲ್ಲಿ ಹಣ್ಣು ಹುಳ ಹಿಡಿದುಕೊಂಡು ಹೊರಗೆ ಬಂದರು. ಚಂದ್ರಿಕೆಗೆ ಬಿಡಲು ಹೊರಟವರು ನನ್ನನ್ನು ನೋಡಿ ನಿಂತರು. ಲೋಟಗಳನ್ನು ನೋಡಿದರು, ಮತ್ತೆ ನನ್ನನ್ನು ನೋಡಿದರು. ಕೈ ತೊಳೆದುಕೊಂಡು ಒಳಗೆ ಬಾ ಎಂದರು. ನಾನು ಅಲ್ಲಾಡಲಿಲ್ಲ. ಅತ್ತೆ, ಇನ್ನೂ ತಿಂಗಳಾಗಿಲ್ಲ ಎಂದೆ. ನನಗೂ ಲೆಕ್ಕ ಬರುತ್ತದೆ, ತೊಳೆದುಕೊಂಡು ಬಾ ಎಂದು ಹೇಳಿ ಹೊಸಿಲ ಬಳಿ ಕಾಯುತ್ತ ನಿಂತರು. ಅವರ ಬೊಗಸೆಯ ಹುಳಗಳು ತಲೆ ಎತ್ತಿ ಜಾಗ ಹುಡುಕುತ್ತಿದ್ದವು.

ನಾನು ಹೊಸಿಲಿಗೆ ಬಂದಾಗ ಒಳಗೆ ಕೈಗಳೆಲ್ಲ ನಿಂತವು. ದೊಡ್ಡಜ್ಜಿ ತಲೆ ಎತ್ತಿದಳು.

“ಇದೇನಮ್ಮಿ ಮಾಡ್ತಾ ಇದೀಯೆ” ಎಂದಳು ಅತ್ತೆಗೆ. “ಕೈಗ್ ಬಂದಿರೋ ಬೆಳೆ. ಕೆಟ್ಟೋದ್ರೆ?”

ಅತ್ತೆಯ ಮೇಲೆ ಯಾರೂ ಎಂದೂ ನೇಮ ತಪ್ಪಿದಳು ಎಂಬ ಮಾತು ಆಡಿದ್ದಿಲ್ಲ. ನನ್ನ ತಲೆಯ ಮಲ್ಲಿಗೆ ತೆಗೆಸಿದ ಹೆಂಗಸು ಅದು. ಅವರು ದೊಡ್ಡಜ್ಜಿಯ ಎದುರು ದನಿ ಏರಿಸಲಿಲ್ಲ, ಹುಳದ ಮನೆಯಲ್ಲಿ ಮಾತಾಡುವ ಮೆಲುದನಿಯಲ್ಲೇ ಹೇಳಿದರು.

“ಕೆಟ್ರೆ ಕೆಡ್ಲಿ ಬುಡವ್ವ. ಮಳವಳ್ಳಿಗ್ ಓದ್ರೆ ಉಳ ಸಿಕ್ತವೆ. ಇವ್ಳು ಎಲ್ಲಿ ಸಿಕ್ಕಾಳು?”

ದೊಡ್ಡಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಮಂಡಿಯ ಮೇಲೆ ಕೈಯೂರಿ, ಕಷ್ಟಪಟ್ಟು ಪಕ್ಕಕ್ಕೆ ಸರಿದು, ತನ್ನ ಚಾಪೆಯಲ್ಲಿ ಒಬ್ಬರು ಕೂರುವಷ್ಟು ಜಾಗ ಮಾಡಿದಳು. ನಾನು ಹೋಗಿ ಅಲ್ಲಿ ಕೂತೆ. ಅತ್ತೆ ಎದುರಿಗೆ ಕುಕ್ಕರುಗಾಲಿನಲ್ಲಿ ಕೂತು, ತಮ್ಮ ಬೊಗಸೆಯಲ್ಲಿದ್ದ ಹುಳಗಳನ್ನೆಲ್ಲ ನನ್ನ ಬೊಗಸೆಗೆ ಸುರಿದರು.